ಫಿಲ್ಮ್ ಡಬ್ಬಿಯ ಕರಪತ್ರ

ಮಾರ್ಚ್ 3, ಮಂಗಳವಾರ

ಇಂಗ್ಲಿಷ್ ಬಾರದವರು ಇನ್ನು ಮುಂದೆ ಫೋಟೋ ಹೊಡೆಯಕೂಡದು ಎಂದು ಪರವಾನಗಿ ಕಚೇರಿ ಆಜ್ಞೆ ಹೊರಡಿಸಿದೆ. ಇದು ಹಗಲುದರೋಡೆ. ಇದಕ್ಕೆ ಬೇರೆ ಹೆಸರಿಲ್ಲ.

ಕಡವಿನ ನೋಟಿಸ್ ಹಲಗೆಗೆ ಬೆಳಿಗ್ಗೆ ಹಾಳೆ ಅಂಟಿಸಿ ಹೋಗಿದ್ದಾರೆ. ದೋಣಿ ಹತ್ತುವ, ಇಳಿಯುವ ಜನರ ಫೋಟೋ ಹೊಡೆದು ಬದುಕುವವರೆಲ್ಲ ಹದಿನಾರನೇ ತಾರೀಕು ಸೋಮವಾರ ಕಚೇರಿಗೆ ಬರಬೇಕು. ಕ್ಯಾಮೆರಾಕ್ಕೆ ಸಂಬಂಧಿಸಿದ ಇಂಗ್ಲಿಷ್ ಪದಗಳ ಅರ್ಥ ಹೇಳಬೇಕು. ಹೇಳಿದವರಿಗೆ ಪರವಾನಗಿ, ಹೇಳದವರು ಕಡವು ಬಿಟ್ಟು ಹೋಗಬೇಕು. ಕೆಳಗೆ ಪದಗಳು: ಲೆನ್ಸ್, ಶಟರ್, ಎಕ್ಸ್‌ಪೋಷರ್, ನೆಗೆಟಿವ್, ಡೆವಲಪರ್, ಅಜಿಟೇಷನ್, ಫಿಕ್ಸರ್. ಪ್ರವಾಸಿಗಳ ಮುಂದೆ ಊರಿನ ಮರ್ಯಾದೆ ಉಳಿಯಬೇಕಂತೆ, ಅದಕ್ಕೆ ಈ ಏರ್ಪಾಡು.

ಶೇಹೆ ಮಾವನಿಗೆ ಬರುವ ಇಂಗ್ಲಿಷ್ 'ಸ್ಮೈಲ್' ಒಂದೇ. ಅದನ್ನೂ 'ಸಿಮಾಯಿಲಿ' ಅನ್ನುತ್ತಾನೆ. ಅಮ್ಮನ ಅಣ್ಣ, ನನ್ನನ್ನು ಸಾಕಿದವನು. ನಾನು ಹುಟ್ಟುವ ಮೊದಲಿನಿಂದಲೂ ಈ ಕಡವಿನಲ್ಲಿ ಫೋಟೋ ಹೊಡೆಯುತ್ತಿದ್ದಾನೆ. ಗಡ್ಡಕ್ಕೆ ಮೆಹಂದಿ, ತಲೆಗೆ ಕಸೂತಿ ಟೋಪಿ, ಜಂಭ ಮಾರುದ್ದ. ನೋಟಿಸನ್ನು ನಾನು ಓದಿ ಹೇಳಿದಾಗ ನಕ್ಕುಬಿಟ್ಟ. ಒಬ್ಬ ಮನುಷ್ಯನ ಕೈಯಿಂದ ಅನ್ನದ ತಟ್ಟೆ ಕಿತ್ತುಕೊಳ್ಳುವಾಗ ಅವನು ನಗುವುದು ಹೇಗೆ?

ಬಂದರಿನ ಹಮಾಲರ ಸಂಘ ಮುಚ್ಚಿದಾಗ ಒಂದು ಗೋಣಿಚೀಲದ ತುಂಬ ಹೋರಾಟದ ಇಂಗ್ಲಿಷ್ ಕರಪತ್ರಗಳು ನಮ್ಮ ಮನೆಗೆ ಬಂದವು. ಅಮ್ಮ ಒಲೆ ಹೊತ್ತಿಸಲು ಇಟ್ಟುಕೊಂಡಿದ್ದಳು. ನಾನು ಓದಲು ಎತ್ತಿಟ್ಟುಕೊಂಡೆ. ಆ ಚೀಲವೇ ನನ್ನ ಕಾಲೇಜು. ಅದರಲ್ಲಿ ಕಲಿತದ್ದು ಉಪಯೋಗಕ್ಕೆ ಬರುವ ದಿನ ಇಂದು ಬಂದಿದೆ.

ಮಾರ್ಚ್ 4, ಬುಧವಾರ

ನನ್ನ ಜನರ ಬಗ್ಗೆ ನನಗಿದ್ದ ನಂಬಿಕೆಗೆ ಇವತ್ತು ಪೆಟ್ಟು ಬಿದ್ದಿದೆ.

ಬೇವಿನ ಮರದ ಕೆಳಗೆ ಸಭೆ ಸೇರಿಸಿದೆ. ಕಡವಿನ ಫೋಟೋದವರೆಲ್ಲ ಬಂದರು. ಸೋಡಾ ಪೆಟ್ಟಿಗೆಯ ಮೇಲೆ ಹತ್ತಿ ನಿಂತು ಮಾತಾಡಿದೆ. ಪರೀಕ್ಷೆ ಬಹಿಷ್ಕರಿಸೋಣ, ಎಲ್ಲರ ಕ್ಯಾಮೆರಾಗಳನ್ನೂ ಕಚೇರಿಯ ಮೆಟ್ಟಿಲ ಮೇಲೆ ಸಾಲಾಗಿ ಇಟ್ಟು ಕೂತುಬಿಡೋಣ ಅಂದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಕಾಫಿ ಮಾರುವವನು ಬಟ್ಟಲುಗಳನ್ನು ಕಿಣಿಕಿಣಿಸುತ್ತ ನಡುವೆಯೇ ಹಾದುಹೋದ, ಎಲ್ಲರೂ ಅವನ ಕಡೆ ತಿರುಗಿದರು.

ಆಮೇಲೆ ಚಿರಾವು ಎದ್ದ. ಫೋಟೋದವರಲ್ಲಿ ಅವನೇ ಕಿರಿಯ, ಬಾಯಿ ಮಾತ್ರ ಎಲ್ಲರಿಗಿಂತ ಹಿರಿದು.

"ಮೇಷ್ಟ್ರಮ್ಮ, ಕ್ಯಾಮೆರಾ ಮೆಟ್ಟಿಲ ಮೇಲೆ ಇಟ್ಟ ದಿನ ಮಧ್ಯಾಹ್ನ ಏನು ತಿನ್ನೋದು ಅಂತ ನಿನ್ನ ಹಾಳೇಲಿ ಬರ್ದಿದೆಯಾ?"

ಎಲ್ಲರೂ ನಕ್ಕರು. ಮಾವನೂ ನಕ್ಕ. ಕೈ ಎತ್ತಿಸಿ ಕೇಳಿದಾಗ ಬಹಿಷ್ಕಾರಕ್ಕೆ ಎದ್ದದ್ದು ನನ್ನ ಕೈ ಮಾತ್ರ. ಉಳಿದವರು ಕೇಳಿದ್ದು ಒಂದೇ: ಇಂಗ್ಲಿಷ್ ಓದಿದವಳು ನೀನೊಬ್ಬಳೇ, ಹೇಳಿಕೊಡು. ಬೇಡಿ ಹಾಕುತ್ತೇವೆ ಅಂದರೆ ಅಳತೆ ಕೊಡಲು ಕೈ ಚಾಚುವ ಜನ.

ಮನೆಗೆ ಬಂದು ನೋಟಿಸಿನ ಪದಗಳನ್ನು ಮತ್ತೆ ನೋಡಿದೆ. ಲೆನ್ಸ್, ಶಟರ್ ಬಿಟ್ಟರೆ ಉಳಿದವೆಲ್ಲ ನನ್ನ ಹಳೆಯ ಪರಿಚಯದವು. ಎಕ್ಸ್‌ಪೋಷರ್, ನೆಗೆಟಿವ್, ಅಜಿಟೇಷನ್ — ಚೀಲದ ಪ್ರತಿಯೊಂದು ಕರಪತ್ರದಲ್ಲೂ ಇವು ಇವೆ. ಕಚೇರಿಯವರು ತಮಗೇ ಗೊತ್ತಿಲ್ಲದೆ ನಮ್ಮ ಕೈಗೆ ನಮ್ಮದೇ ಪದಗಳನ್ನು ಕೊಟ್ಟಿದ್ದಾರೆ. ಹೇಳಿಕೊಡುತ್ತೇನೆ. ಯಾಕೆ ಹೇಳಿಕೊಡಬಾರದು?

ಮಾರ್ಚ್ 6, ಶುಕ್ರವಾರ

ಜುಮ್ಮಾ ನಮಾಜು ಮುಗಿದ ಮೇಲೆ ಮೊದಲ ಪಾಠ. ಮದ್ರಸಾದಿಂದ ಕಪ್ಪು ಹಲಗೆ ಎರವಲು ತಂದೆವು. ಒಂದು ಕಾಲು ಗಿಡ್ಡ, ಬರೆಯುವಾಗಲೆಲ್ಲ ಕುಂಟುತ್ತದೆ. ಮಾವನ ಮೇಜಿನ ಮೇಲೆ ಫಿಲ್ಮ್ ಡಬ್ಬಿ ಇತ್ತು, ಅದರೊಳಗೆ ಮಡಿಸಿಟ್ಟ ಸಣ್ಣಕ್ಷರದ ಕಾಗದ ಸಿಕ್ಕಿತು. ಕಂಪನಿಯವರ ಜಾಹೀರಾತು. ಮತ್ತಷ್ಟು ಮಡಿಸಿ ಹಲಗೆಯ ಕಾಲಿನ ಕೆಳಗೆ ತುರುಕಿದೆ. ನಿಂತಿತು.

ಈ ಮನುಷ್ಯರು ಎಲ್ಲದಕ್ಕೂ ಮನೆಮಾತಿನ ಹೆಸರು ಇಟ್ಟುಕೊಂಡಿದ್ದಾರೆ. ಲೆನ್ಸ್ ಕಣ್ಣು. ಶಟರ್ ರೆಪ್ಪೆ. ನೆಗೆಟಿವ್ ಅಂದರೆ ತಾಯಿ, ಅದರಿಂದ ತೆಗೆದ ಫೋಟೋಗಳು ಮಕ್ಕಳು. ಡೆವಲಪರ್ ಅಂದರೆ ಸಾರು, ಫಿಕ್ಸರ್ ಅಂದರೆ ಉಪ್ಪು, ಯಾಕೆಂದರೆ ಅದು ಹಾಕಿದ ಮೇಲೆ ಚಿತ್ರ ಕೆಡುವುದಿಲ್ಲ. ಅಡುಗೆಮನೆಯ ಮಾತುಗಳು. ಇವುಗಳನ್ನು ಇಟ್ಟುಕೊಂಡು ಕಚೇರಿಯ ಮುಂದೆ ನಿಲ್ಲಲಾದೀತೇ? ಮರೆತುಬಿಡಿ ಅಂದೆ.

ನೆಗೆಟಿವ್ ಎಂದರೆ ಒಪ್ಪದಿರುವವನು, ಎದುರು ನಿಲ್ಲುವವನು ಎಂದು ಬಾಯಿಪಾಠ ಮಾಡಿಸಿದೆ. ಡೆವಲಪರ್ ಎಂದರೆ ದೇಶವನ್ನು ಮುಂದೆ ತರುವವನು. ಫಿಕ್ಸರ್ ಎಂದರೆ ಒಳಗೊಳಗೇ ವ್ಯವಹಾರ ಕುದುರಿಸುವ ದಲ್ಲಾಳಿ. ಮಾವ ಬೆರಗಾದ. ಇಷ್ಟು ವರ್ಷ ತಾನು ಫಿಲ್ಮ್ ತೊಳೆಯುವ ಹಿತ್ತಲಿನ ಕತ್ತಲೆಕೋಣೆಯಲ್ಲಿ ಇಂಥ ದೊಡ್ಡ ದೊಡ್ಡವರೆಲ್ಲ ಇದ್ದರೇ ಅಂದ.

ಚಿರಾವು ಒಬ್ಬನೇ ತಲೆ ಕೆರೆದುಕೊಂಡ. ಕ್ಯಾಮೆರಾಕ್ಕೂ ದಲ್ಲಾಳಿಗೂ ಏನು ಸಂಬಂಧ ಎಂದು ಕೇಳಿದ. ಆಳುವವರು ಪದಗಳನ್ನು ನೇರವಾಗಿ ಬಳಸುವುದಿಲ್ಲ, ಅದೇ ಅವರ ತಂತ್ರ ಎಂದು ವಿವರಿಸಿದೆ.

ಮಾರ್ಚ್ 10, ಮಂಗಳವಾರ

ಬಿಸಿಲು ಕಣ್ಣು ಕುಕ್ಕುವಂತಿತ್ತು. ಹುರಿದ ಮರಗೆಣಸು ಮಾರುವ ನ್ಯೇವು ತನ್ನ ಅಮ್ಮನನ್ನು ಕರೆದುಕೊಂಡು ಬಂದಳು. ಮೆಜುಮಾ ಅಜ್ಜಿ. ಆ ಮುದುಕಿ ಹುಟ್ಟಿದಾಗಿನಿಂದ ಒಮ್ಮೆಯೂ ಫೋಟೋ ಹೊಡೆಸಿಕೊಂಡಿಲ್ಲವಂತೆ. ಹೊಸ ಲೆಸೊ ಬಟ್ಟೆ ಹೊದ್ದು, ಕಾಲಿಗೆ ಎಣ್ಣೆ ಹಚ್ಚಿಕೊಂಡು ಬಂದಿದ್ದಳು. ಬಡವರು ಹೊಟ್ಟೆಗೆ ಹಾಕಬೇಕಾದದ್ದನ್ನು ಕಾಗದಕ್ಕೆ ಸುರಿಯುವುದು ನನಗೆ ಎಂದೂ ಅರ್ಥವಾಗಿಲ್ಲ.

ಮಾವ ಹೊಸ ಫಿಲ್ಮ್ ಹಾಕಿದ. ಮೊದಲ ಫೋಟೋ ಅವಳದೇ. ಸಿಮಾಯಿಲಿ ಅಂದ. ಅವಳು ನಗಲಿಲ್ಲ.

"ನಗಬೇಕು ಅಮ್ಮಾ," ನ್ಯೇವು ಅಂದಳು.

"ನಕ್ಕರೆ ನಾನಲ್ಲ. ನನ್ನ ಹಡಗಿನ ಮಗ ನೋಡಿ ಇದ್ಯಾರೋ ಬೇರೆ ಮುದುಕಿ ಅಂತಾನೆ."

ಸಂಜೆಯ ಪಾಠದಲ್ಲಿ ಎಕ್ಸ್‌ಪೋಷರ್ ತೆಗೆದುಕೊಂಡೆ. ನನ್ನ ಅತ್ಯಂತ ಪ್ರೀತಿಯ ಪದ. ಇದಕ್ಕೆ ನಿಮ್ಮಲ್ಲಿ ಹೆಸರಿದೆಯೇ ಎಂದು ಕೇಳಿದೆ. ಹಾಗಂದರೆ ಏನು ಅಂತ ನೀನು ಹೇಳಿದರೆ ತಾನೇ ನಮಗೆ ಹೆಸರು ಗೊತ್ತಾಗುವುದು ಎಂದರು. ಹೇಳಿದೆ. ಕುರ್ಚಿಯಲ್ಲಿ ಕೂತು ಜನರನ್ನು ಸುಲಿಯುವವರ ಮುಖವಾಡ ಕಳಚಿ, ಅವರ ಗುಟ್ಟನ್ನು ಊರಿಗೆಲ್ಲ ತೋರಿಸುವುದು. ಅಂಥದ್ದಕ್ಕೆ ನಮ್ಮಲ್ಲಿ ಹೆಸರಿಲ್ಲ ಎಂದು ಮಾವ ಕೊನೆಗೆ ಒಪ್ಪಿಕೊಂಡ. ಆ ಮೇಲೆ ಅಜಿಟೇಷನ್: ಚಳವಳಿ, ಹೋರಾಟ, ಬೀದಿಗಿಳಿಯುವುದು. ಅದನ್ನು ಎಲ್ಲರ ಕೈಲೂ ಕೂಗಿಸಿದೆ. ದೋಣಿಗೆ ಕಾದಿದ್ದವರು ತಿರುಗಿ ನೋಡಿದರು. ಇಷ್ಟು ದಿನದಲ್ಲಿ ಇವತ್ತು ನನ್ನ ಎದೆ ತುಂಬಿದೆ.

ಮಾರ್ಚ್ 12, ಗುರುವಾರ

ಪರೀಕ್ಷೆ ಮಾಡುವವನು ಕೊಂಬೊ!

ನಂಬಲಾಗುತ್ತಿಲ್ಲ. ಮಾವನ ಮೇಜಿನಡಿ ಮಲಗಿ, ಮಾವನ ತಟ್ಟೆಯಲ್ಲೇ ಉಂಡು ಕೆಲಸ ಕಲಿತವನು. ಈಗ ಪೇಟೆಯಲ್ಲಿ ಬಣ್ಣದ ಫೋಟೋಗಳ ಸ್ಟುಡಿಯೋ ಇಟ್ಟಿದ್ದಾನೆ, ಮೊಂಬಾಸಾ ಶಹರದಲ್ಲಿ ಕೋಟು ಹೊಲಿಸಿದ್ದಾನೆ. ನೋಟಿಸಿನ ಪದಗಳನ್ನು ಆರಿಸಿಕೊಟ್ಟವನೂ ಅವನೇ ಎಂದು ಕಚೇರಿಯ ಜವಾನನೇ ಹೇಳಿದ. ಮಾವನಿಗೆ ಹೇಳಿದೆ. ಕೋಪ ಬರಲಿಲ್ಲ ಅವನಿಗೆ.

"ಕೊಂಬೊನಾ? ಹಾಗಾದ್ರೆ ಪಾಸು ಬಿಡು."

ದ್ರೋಹಿಗಳನ್ನು ಗುರುತಿಸದ ಜನ ಗೆಲ್ಲುವುದು ಹೇಗೆ?

ಮಾರ್ಚ್ 14, ಶನಿವಾರ

ಮೆಜುಮಾ ಅಜ್ಜಿ ಸತ್ತಳು. ಬೆಳಿಗ್ಗೆ ತೊಗರಿ ಬೇಯಲು ಇಟ್ಟು, ತೆಂಗಿನಕಾಯಿ ತುರಿಯುತ್ತ ಕೂತವಳು ಹಾಗೇ ಪಕ್ಕಕ್ಕೆ ವಾಲಿದಳಂತೆ. ಮಧ್ಯಾಹ್ನದೊಳಗೆ ಹೂಳಿದರು.

ಮಂಗಳವಾರ ನನ್ನ ಮುಂದೆ ನಿಂತಿದ್ದಳು. ಕಾಲಿಗೆ ಎಣ್ಣೆ ಹಚ್ಚಿಕೊಂಡು.

ಮಾರ್ಚ್ 15, ಭಾನುವಾರ

ನ್ಯೇವು ಬಂದಿದ್ದಳು. ಹಡಗಿನಲ್ಲಿರುವ ಅವಳ ತಮ್ಮ ಇಳಿದು ಬರಲು ಇನ್ನೂ ವಾರವಾಗುತ್ತದೆ. ಅಮ್ಮನ ಮುಖ ಕೊನೆಗೊಮ್ಮೆ ನೋಡದೆ ಹೋದೆ ಅಂತ ಅವನು ಜನ್ಮವಿಡೀ ಕೊರಗುತ್ತಾನೆ, ಅವನಿಗೆ ಕೊಡಲು ಇರುವುದು ಆ ಫೋಟೋ ಒಂದೇ ಎಂದಳು. ಫಿಲ್ಮ್ ಇನ್ನೂ ಕ್ಯಾಮೆರಾದಲ್ಲೇ ಇದೆ, ಪೂರ್ತಿ ಮುಗಿದಿಲ್ಲ. ನಾಳೆ ಪರೀಕ್ಷೆಗೆ ಕ್ಯಾಮೆರಾ ತರಲೇಬೇಕೆಂದು ನೋಟಿಸಿನಲ್ಲಿದೆ. ಅಲ್ಲಿಂದ ಬಂದ ಕೂಡಲೇ ಸಾರಿನಲ್ಲಿ ಬೇಯಿಸಿ ಫೋಟೋ ತೆಗೆದುಕೊಡುತ್ತೇನೆ ಎಂದು ಮಾವ ಮಾತು ಕೊಟ್ಟ. ನ್ಯೇವು ಕ್ಯಾಮೆರಾವನ್ನು ಮುಟ್ಟಿ ನೋಡಿದಳು, ಜ್ವರ ಬಂದ ಹಣೆ ಮುಟ್ಟುವ ಹಾಗೆ.

ಮಾರ್ಚ್ 16, ಸೋಮವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಕಚೇರಿಯ ಕಿಟಕಿಗಳು ತೆರೆದಿದ್ದವು, ನಾವೆಲ್ಲ ಹೊರಗೆ ನಿಂತು ನೋಡುತ್ತಿದ್ದೆವು. ಹಿರಿಯನೆಂದು ಮಾವನನ್ನು ಮೊದಲು ಕರೆದರು. ಪರವಾನಗಿ ಅಧಿಕಾರಿ ನಡುವೆ ಕೂತಿದ್ದ, ಹೊಸಬ, ಒಳನಾಡಿನವನು, ಸೆಖೆಗೆ ಬೆವರು ಒರೆಸಿಕೊಳ್ಳುತ್ತಿದ್ದ. ಪಕ್ಕದಲ್ಲಿ ಕೋಟು ತೊಟ್ಟ ಕೊಂಬೊ. ಮಾವ ಕ್ಯಾಮೆರಾವನ್ನು ಮೇಜಿನ ಮೇಲಿಟ್ಟು ಎದೆ ಸೆಟೆದು ನಿಂತ. ಪದ ಇಂಗ್ಲಿಷಿನಲ್ಲಿ, ಉತ್ತರ ನಮ್ಮ ಮಾತಿನಲ್ಲಿ. ಲೆನ್ಸ್, ಶಟರ್ ಬೆರಳಿಟ್ಟು ತೋರಿಸಿದ. ಕೊಂಬೊ ತಲೆಯಾಡಿಸಿದ. ಆಮೇಲೆ ಎಕ್ಸ್‌ಪೋಷರ್ ಎಂದ.

ಮಾವ ನನ್ನ ಕಡೆ ಒಮ್ಮೆ ನೋಡಿದ. ಆಮೇಲೆ ಶುಕ್ರವಾರದ ಪ್ರವಚನದ ದನಿಯಲ್ಲಿ ಶುರು ಮಾಡಿದ.

"ಕುರ್ಚಿಯಲ್ಲಿ ಕೂತು ಜನರನ್ನ ಸುಲಿಯೋರ ಮುಖವಾಡ ಕಳಚಿ, ಅವರ ಗುಟ್ಟನ್ನ ಊರಿಗೆಲ್ಲ ತೋರಿಸೋದು."

ಅಧಿಕಾರಿಯ ಕರವಸ್ತ್ರ ಹಣೆಯ ಮೇಲೇ ನಿಂತುಬಿಟ್ಟಿತು. "ಇದನ್ನ ನೀನು ಮಾಡ್ತೀಯಾ?"

"ದಿನಾ ಮಾಡ್ತೀನಿ ಸ್ವಾಮಿ. ಬಿಸಿಲು ಚೆನ್ನಾಗಿದ್ರೆ ಇನ್ನೂ ಚೆನ್ನಾಗಿ ಬರುತ್ತೆ."

"ಈ ಕ್ಯಾಮೆರಾದಲ್ಲೂ ಇದೆಯಾ?"

"ತುಂಬಿದೆ."

ಕೊಂಬೊನ ಮುಖ ಬಿಳುಚಿಕೊಂಡಿತು. ಅಧಿಕಾರಿಯ ಬೆನ್ನ ಹಿಂದಿನಿಂದ ಎರಡೂ ಕೈಯಲ್ಲಿ ಏನನ್ನೋ ಹಿಡಿದು ಮೆಲ್ಲಗೆ ಅಲ್ಲಾಡಿಸುವ ಹಾಗೆ ಮಾಡುತ್ತ, ಅವಸರದಲ್ಲಿ ಮುಂದಿನ ಪದ ಕೇಳಿದ: ಅಜಿಟೇಷನ್. ಹೆದರಿಸುತ್ತಿದ್ದಾನೆ ಅಂದುಕೊಂಡೆ ನಾನು. ಮಾವ ಅವನ ಕೈ ನೋಡಲೇ ಇಲ್ಲ. ಚಳವಳಿ ಅಂದ, ಹೋರಾಟ ಅಂದ, ಬೀದಿಗಿಳಿಯುವುದು ಅಂದ, ನಮ್ಮ ಬೇವಿನ ಮರದ ಕೆಳಗೆ ಎಲ್ಲರೂ ಅದನ್ನೇ ಕಲಿಯುತ್ತಿದ್ದೇವೆ ಅಂದ.

ಪರೀಕ್ಷೆ ಅಲ್ಲಿಗೇ ನಿಂತಿತು. ಅಧಿಕಾರಿ ಕ್ಯಾಮೆರಾವನ್ನು ತನ್ನ ಕಡೆ ಎಳೆದುಕೊಂಡ. ಅದರೊಳಗೆ ಕಚೇರಿಯವರ ಯಾವ ಚಿತ್ರಗಳಿವೆ ಎಂದು ಬುಧವಾರ ಎಲ್ಲರ ಮುಂದೆ ತೆರೆದು ನೋಡುತ್ತಾನಂತೆ. ಮಾವ ಕೈ ಮುಗಿದ, ತೆರೆಯಬೇಡಿ ಅಂದ. ಅದನ್ನು ಕೇಳಿ ಅಧಿಕಾರಿಗೆ ಅನುಮಾನ ಗಟ್ಟಿಯಾಯಿತು.

ದಾರಿಯುದ್ದಕ್ಕೂ ಮಾವ ಒಂದೇ ಕೇಳಿದ. ಒಂದಕ್ಷರ ಬಿಡದೆ ನೀನು ಹೇಳಿಕೊಟ್ಟದ್ದನ್ನೇ ಹೇಳಿದೆನಲ್ಲ, ಎಲ್ಲಿ ತಪ್ಪಿತು?

ಎಲ್ಲೂ ತಪ್ಪಿಲ್ಲ, ಸತ್ಯ ಅವರಿಗೆ ಚುಚ್ಚಿತು ಅಂದೆ.

ಮಾರ್ಚ್ 17, ಮಂಗಳವಾರ

ಮದ್ರಸಾದವರು ಹಲಗೆ ವಾಪಸು ಕೇಳಿದರು. ಎತ್ತಿದಾಗ ಕಾಲಿನಡಿಯ ಕಾಗದ ಕೆಳಗೆ ಬಿತ್ತು. ಎಸೆಯಲು ಹೋದವಳು ಬಿಡಿಸಿದೆ. ಯಾಕೆ ಬಿಡಿಸಿದೆನೋ. ಅಚ್ಚಾದ ಕಾಗದ ಕಂಡರೆ ಓದದೆ ಇರಲಾರದವಳು ಈ ಒಂದನ್ನು ಮಾತ್ರ ಓದಿರಲಿಲ್ಲ.

ಮಣ್ಣು ಮೆತ್ತಿಕೊಂಡಿತ್ತು. ಅನೇಕ ಭಾಷೆಗಳಲ್ಲಿ ಇತ್ತು, ಇಂಗ್ಲಿಷ್ ನಡುವೆ. ಎಕ್ಸ್‌ಪೋಷರ್: ಫಿಲ್ಮಿನ ಮೇಲೆ ಎಷ್ಟು ಹೊತ್ತು, ಎಷ್ಟು ಬೆಳಕು ಬೀಳಬೇಕು. ಡೆವಲಪರ್: ಚಿತ್ರ ಮೂಡಿಸುವ ದ್ರಾವಣ. ಅಜಿಟೇಷನ್: ಆ ದ್ರಾವಣದ ಡಬ್ಬಿಯನ್ನು ಆಗಾಗ ಮೆಲ್ಲಗೆ ತಿರುಗಿಸುವುದು.

ಮೆಲ್ಲಗೆ.

ಬೇವಿನ ಬೇರಿನ ಮೇಲೆ ಕೂತುಬಿಟ್ಟೆ. ದೋಣಿ ಬಂತು, ಹೋಯಿತು. ಮಾವನ ಹತ್ತಿರ ಹೋಗಿ, ಫಿಲ್ಮಿನ ಮೇಲೆ ಬೆಳಕು ಬೀಳಿಸುತ್ತೀರಲ್ಲ, ಅದಕ್ಕೆ ಏನನ್ನುತ್ತೀರಿ ಎಂದು ಕೇಳಿದೆ.

"ಬೆಳಕು ಕುಡಿಸೋದು ಅಂತೀವಿ," ಅಂದ. "ಯಾಕೆ?"

"ಡಬ್ಬಿ ಅಲ್ಲಾಡಿಸೋದಕ್ಕೆ?"

"ತೂಗೋದು. ತೊಟ್ಟಿಲು ತೂಗೋ ಹಾಗೆ." ನನ್ನ ಮುಖ ನೋಡಿದ. ನನ್ನ ಕೈಯಲ್ಲಿದ್ದ ಕಾಗದ ನೋಡಿದ. ಓದಲು ಬಾರದವನು, ಆದರೆ ಅರ್ಥವಾಯಿತು ಅವನಿಗೆ. ಗಡ್ಡ ಸವರಿಕೊಂಡ. "ಹಾಗಾದ್ರೆ ನಂಗೆ ಎಲ್ಲಾ ಬರ್ತಿತ್ತು," ಅಂದ.

ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಕ್ಯಾಮೆರಾದ ಬೆನ್ನು ತೆರೆದರೆ ಏನಾಗುತ್ತದೆ ಎಂದೂ ಕೇಳಿದೆ. ಬೆಳಕು ನುಗ್ಗುತ್ತದೆ, ಫಿಲ್ಮ್ ಅದನ್ನು ಕುಡಿದು ಕುಡಿದು ಮುಳುಗಿಹೋಗುತ್ತದೆ ಎಂದ. ಒಂದು ಚಿತ್ರವೂ ಉಳಿಯುವುದಿಲ್ಲ. ನಾಳೆ ಬುಧವಾರ.

ಮಾರ್ಚ್ 18, ಬುಧವಾರ

ಕಚೇರಿ ತೆರೆಯುವ ಮೊದಲೇ ಹೋಗಿ ಬಾಗಿಲಲ್ಲಿ ನಿಂತೆ. ಮಾವನೂ ನ್ಯೇವುವೂ ಬಂದರು. ನ್ಯೇವುವಿಗೆ ಎಲ್ಲ ಹೇಳಿದ್ದೆ. ಅವಳು ನನ್ನ ಜೊತೆ ಮಾತಾಡಲಿಲ್ಲ.

ಅಧಿಕಾರಿಯ ಮುಂದೆ ನಿಂತು ಹೇಳಿದೆ, ಈ ಅರ್ಥಗಳು ಇವರದಲ್ಲ, ನನ್ನವು, ಬೇರೆಲ್ಲೋ ಓದಿದ್ದನ್ನು ಇಲ್ಲಿ ಹಚ್ಚಿ ಕಲಿಸಿದೆ ಎಂದು. ಹಾಗೆ ಹೇಳುವುದೇ ಆ ಹೊತ್ತಿನ ಸರಿಯಾದ ತಂತ್ರವಾಗಿತ್ತು. ಸರಿಯಾದ ಅರ್ಥ ಇಲ್ಲಿದೆ ಎಂದು ಕಾಗದವನ್ನು ಕೊಟ್ಟೆ.

ಕೊಡಬಾರದಿತ್ತು. ಅವನು ಕನ್ನಡಕ ಏರಿಸಿ ಓದಿದ. ಅವನ ಬೆರಳು ಒಂದು ಕಡೆ ನಿಂತಿತು.

"'ಪ್ರತಿ ನಿಮಿಷಕ್ಕೊಮ್ಮೆ ಅಜಿಟೇಟ್ ಮಾಡಿ' ಅಂತಿದೆ. ಈ ಕರಪತ್ರ ಹಂಚಿದ್ದು ಯಾರು?"

"ಫಿಲ್ಮ್ ಕಂಪನಿಯವರು ಸರ್. ಡಬ್ಬಿಯೊಳಗೇ ಬರುತ್ತೆ."

"ಡಬ್ಬಿಯೊಳಗೆ ಬಚ್ಚಿಟ್ಟು ಕಳಿಸ್ತಾರಾ? ಇಷ್ಟೊಂದು ಭಾಷೆಯಲ್ಲಾ?"

ಆ ಕಾಗದವನ್ನು ಅವನು ಓದಿದ್ದು ನಾನು ಓದುವ ಹಾಗೆಯೇ. ಅಕ್ಷರಶಃ ನನ್ನ ಹಾಗೆಯೇ.

ಕೊಂಬೊ ಬಾಯಿ ತೆರೆಯುವಷ್ಟರಲ್ಲಿ ಅಧಿಕಾರಿ ಕ್ಯಾಮೆರಾ ಎತ್ತಿಕೊಂಡು, ನೋಡಿಯೇಬಿಡೋಣ ಎಂದು ಮೇಲಿನ ಗುಂಡಿ ಎಳೆದ. ಬೆನ್ನು ತಟ್ಟನೆ ತೆರೆದುಕೊಂಡಿತು. ಕಿಟಕಿಯ ಬಿಸಿಲು ನೇರವಾಗಿ ಅದರೊಳಗೆ ಬಿತ್ತು. ಫಿಲ್ಮಿನ ಬೂದುಬಣ್ಣದ ಬೆನ್ನನ್ನು ನಾನು ಕಣ್ಣಾರೆ ಕಂಡೆ. ಮಾವ ಎರಡೂ ಕೈಯಿಂದ ತನ್ನ ಕಣ್ಣು ಮುಚ್ಚಿಕೊಂಡ, ತಾನು ಮುಚ್ಚಿಕೊಂಡರೆ ಅದಕ್ಕೂ ಕತ್ತಲಾಗುತ್ತದೆ ಎಂಬಂತೆ. ಕೊಂಬೊ ಮೇಜಿನ ಮೇಲೆ ಬಿದ್ದ. ಮೊಂಬಾಸಾದ ಆ ಕೋಟನ್ನು ಕ್ಯಾಮೆರಾದ ಮೇಲೆ ಹೊದಿಸಿ, ಒಳಗೆ ಕೈ ಹಾಕಿ ಬೆನ್ನನ್ನು ಒತ್ತಿ ಮುಚ್ಚಿದ. ಮಸಿಕುಡಿಕೆ ಉರುಳಿ ಅಧಿಕಾರಿಯ ಅಂಗಿಗೆಲ್ಲ ಮಸಿ. ಜವಾನ ಕೋಲು ಹಿಡಿದು ಓಡಿಬಂದ.

ಅಧಿಕಾರಿ ಏದುಸಿರು ಬಿಡುತ್ತಿದ್ದ. "ಅದರೊಳಗೆ ಏನೂ ಇಲ್ಲವಲ್ಲ. ಎಲ್ಲಿ ಎಕ್ಸ್‌ಪೋಷರ್?"

"ಈಗ ನೀವು ಮಾಡಿದ್ದೇ ಎಕ್ಸ್‌ಪೋಷರ್, ಸರ್," ಕೊಂಬೊ ಅಂದ. "ಆ ಫಿಲ್ಮಲ್ಲಿ ಈ ಅಕ್ಕನ ಅಮ್ಮ ಇದ್ದಾಳೆ. ಮೊನ್ನೆ ಹೂತಿದಾರೆ. ಬೇರೆ ಫೋಟೋ ಇಲ್ಲ."

ಅಧಿಕಾರಿ ನ್ಯೇವುವನ್ನು ನೋಡಿದ. ಅವಳು ಅಳುತ್ತಿರಲಿಲ್ಲ, ಕಿಟಕಿಯ ಬಿಸಿಲನ್ನೇ ನೋಡುತ್ತಿದ್ದಳು. ಅವನು ಕೂತ. ಮಸಿಯ ಅಂಗಿಯನ್ನು ಒರೆಸಿಕೊಳ್ಳಲು ಹೋಗಿ ಇನ್ನಷ್ಟು ಹರಡಿಕೊಂಡ. ಕೊನೆಗೆ ತಗ್ಗಿದ ದನಿಯಲ್ಲಿ ಹೇಳಿದ, ಕೊಂಬೊ ಆ ಫಿಲ್ಮನ್ನು ತೊಳೆದು ತಂದು ತೋರಿಸಲಿ. ಕಚೇರಿಯ ಚಿತ್ರ ಇಲ್ಲದಿದ್ದರೆ ಕ್ಯಾಮೆರಾ ವಾಪಸು. ಪರೀಕ್ಷೆ ಮುಂದಿನ ಬುಧವಾರ ಮತ್ತೆ, ಎಲ್ಲರಿಗೂ.

ಹೊರಗೆ ಕೊಂಬೊನನ್ನು ತಡೆದು ನಿಲ್ಲಿಸಿ, ನೀನೇಕೆ ಇಂಥ ಪದ ಕೊಟ್ಟೆ ಎಂದು ಕೇಳಿದೆ.

"ಯಾವ್ದಾದ್ರೂ ಪದ ಕೊಡು ಅಂತ ಅವರು ಕೂತಿದ್ರು. ನಾನು ಕೊಡದಿದ್ರೆ ಶಾಲೆ ಮೇಷ್ಟ್ರನ್ನ ಕೇಳ್ತಿದ್ರು. ಇವರು ದಿನಾ ಕೈಯಾರ ಮಾಡೋದನ್ನೇ ಆರಿಸಿಕೊಟ್ಟೆ. ಬಾಯಿಗೆ ಬರದಿದ್ರೂ ನಾನು ಕೈಯಲ್ಲಿ ತೋರಿಸಿದ್ರೆ ಸಾಕಿತ್ತು, ಹೇಳಿಬಿಡ್ತಿದ್ರು." ಕೋಟಿನ ಹರಿದ ತೋಳನ್ನು ನೋಡಿಕೊಂಡ. "ನೀನೊಬ್ಬಳು ಇದೀಯ ಅನ್ನೋದು ಮರೆತಿದ್ದೆ, ಉಮಾಝಿ."

ಮಾರ್ಚ್ 19, ಗುರುವಾರ

ಏನೂ ಬರೆಯಲಾಗುತ್ತಿಲ್ಲ. ಕಣ್ಣು ಮುಚ್ಚಿದರೆ ಆ ಬಿಸಿಲು.

ಮಾರ್ಚ್ 20, ಶುಕ್ರವಾರ

ನಮಾಜು ಮುಗಿದ ಮೇಲೆ ಮಾವನ ಜೊತೆ ಕೊಂಬೊನ ಸ್ಟುಡಿಯೋಗೆ ಹೋದೆ. ನ್ಯೇವು ಹೊರಗೆ ಮೆಟ್ಟಿಲ ಮೇಲೆ ಕೂತಳು, ಒಳಗೆ ಬರಲು ಒಪ್ಪಲಿ‍ಲ್ಲ.

ಕತ್ತಲೆಕೋಣೆಗೆ ನಾನು ಹಿಂದೆ ಯಾವತ್ತೂ ಕಾಲಿಟ್ಟವಳಲ್ಲ. ಕೈ ಮುಂದೆ ಹಿಡಿದರೂ ಕಾಣದಷ್ಟು ಕತ್ತಲು, ಹುಳಿ ವಾಸನೆ. ಕೊಂಬೊ ಫಿಲ್ಮ್ ಬಿಚ್ಚಿ ಡಬ್ಬಿಗೆ ಸೇರಿಸುವ ಸದ್ದು ಕೇಳುತ್ತಿತ್ತು. ಹಾಗೆ ಸೇರಿಸುತ್ತಲೇ ಮಾತಾಡಿದ. ಮೊದಲು ಹೊಡೆದ ಫೋಟೋ ಸುರುಳಿಯ ತೀರ ಒಳಗೆ ಸುತ್ತಿಕೊಂಡಿರುತ್ತದೆ, ಆಮೇಲಿನವು ಅದರ ಮೇಲೆ ಒಂದೊಂದೇ ಸುತ್ತು. ಬಿಸಿಲು ಮೊದಲು ಹೊರಗಿನವುಗಳನ್ನೇ ಹಿಡಿದಿರಬೇಕು. ಒಳಗಿನವರೆಗೂ ಹೋಯಿತೋ ಇಲ್ಲವೋ, ಹೇಳಲಾಗದು.

"ಅವಳದು ಎಷ್ಟನೇದು?"

"ಮೊದಲ್ನೇದು," ಅಂದೆ. ಆ ದಿನ ನಾನು ಅಲ್ಲೇ ಇದ್ದೆ.

ಡಬ್ಬಿ ಮುಚ್ಚಿ ದೀಪ ಹಾಕಿದ. ಸಾರು ಸುರಿದ. ಮಾವ ಡಬ್ಬಿಯನ್ನು ಒಮ್ಮೆ ತಿರುಗಿಸಿದ. ನನ್ನ ಕಡೆ ಚಾಚಿದ.

"ತಗೋ. ಅಜಿಟೇಷನ್ ಮಾಡು."

ನಗಿಸಲು ಅಂದದ್ದೋ ಏನೋ, ಮೂವರೂ ನಗಲಿಲ್ಲ. ನಾನು ತಿರುಗಿಸಿದೆ. ಜೋರಾಯಿತು ಎಂದ ಮಾವ. ಇನ್ನೂ ಮೆಲ್ಲಗೆ, ಗುಳ್ಳೆ ಎದ್ದರೆ ಮುಖದ ಮೇಲೆ ಕೂರುತ್ತದೆ, ನಿದ್ದೆಹೋದ ಮಗು ಏಳಬಾರದು, ಅಷ್ಟು ಮೆಲ್ಲಗೆ ಎಂದ. ಹಾಗೆ ತೂಗಿದೆ. ಡಬ್ಬಿ ಅಂಗೈಗೆ ತಣ್ಣಗಿತ್ತು. ಒಳಗೆ ಏನಾಗುತ್ತಿದೆಯೋ ಕಾಣದೆ, ಏನೂ ಹೇಳಲಾರದೆ, ಬರೀ ತೂಗುತ್ತ ನಿಲ್ಲುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ. ಸಾರು ಚೆಲ್ಲಿ ಉಪ್ಪು ಹಾಕಿದರು. ಮತ್ತೆ ತೂಗಿದೆ.

ಕೊಂಬೊ ಫಿಲ್ಮನ್ನು ಎತ್ತಿ ದೀಪಕ್ಕೆ ಹಿಡಿದ. ಮಸಿ. ಬರೀ ಮಸಿ. ಶಾಲೆಯ ಮಕ್ಕಳ ಗುಂಪು ಹೋಗಿತ್ತು, ಮದುಮಗ ಹೋಗಿದ್ದ, ಸೈಕಲ್ಲಿನವನು ಹೋಗಿದ್ದ. ಬೆರಳಿನಿಂದ ಬೆರಳಿಗೆ ಜಾರಿಸುತ್ತ ಬಂದ. ಕೊನೆಯ ತುದಿಯ ಹತ್ತಿರ ಮಸಿ ತೆಳುವಾಯಿತು, ಬೂದಿಯಾಯಿತು, ಆಮೇಲೆ ಗಾಜಿನಂತೆ ತಿಳಿಯಾಯಿತು. ಅಲ್ಲಿ ಒಬ್ಬಳು ಮುದುಕಿ ನಿಂತಿದ್ದಳು. ಒಂದು ಭುಜ ಸುಟ್ಟಿತ್ತು, ಮುಖ ಪೂರ್ತಿಯಾಗಿತ್ತು.

ಮಾವ ಬಾಗಿಲು ತೆರೆದು ಕೂಗಿದ.

"ನ್ಯೇವು, ತಾಯಿ ಉಳಿದಿದಾಳೆ."

ನಮ್ಮವರ ಮಾತಿನಲ್ಲಿ ನೆಗೆಟಿವ್‌ಗೆ ಹಾಗನ್ನುತ್ತಾರೆ. ಅವಳು ಮೆಟ್ಟಿಲಿಂದ ಎದ್ದವಳು ಗೋಡೆ ಹಿಡಿದು ನಿಂತಳು.

ಕಾಗದದ ಮೇಲೆ ಮೂಡಿಸಿದಾಗ ಎಡಭುಜ ಬಿಳಿಯ ಬೆಳಕಿನಲ್ಲಿ ಕರಗಿಹೋಗಿತ್ತು, ಹೊಸ ಲೆಸೊದ ಅಂಚು ಅರ್ಧಕ್ಕೇ ನಿಂತಿತ್ತು. ಕಣ್ಣುಗಳು ಮಾತ್ರ ನೇರವಾಗಿ ನೋಡುತ್ತಿದ್ದವು. ನಗದೆ. ಬೈಯಲು ಬಾಯಿ ತೆರೆಯುವ ಮುಂಚೆ ಹೀಗೇ ನೋಡುತ್ತಿದ್ದಳು ಎಂದು ನ್ಯೇವು ಅಂದಳು. ಒದ್ದೆ ಕಾಗದವನ್ನು ಎರಡು ಬೆರಳಲ್ಲಿ ಹಿಡಿದು ತುಂಬ ಹೊತ್ತು ನೋಡಿದಳು. ಆಮೇಲೆ ಬುಧವಾರದಿಂದ ಮೊದಲ ಸಲ ನನ್ನ ಕಡೆ ತಿರುಗಿದಳು.

"ಭುಜದ ಹತ್ರ ಈ ಬೆಳ್ಳಗಿರೋದಕ್ಕೆ ಇಂಗ್ಲಿಷಲ್ಲಿ ಏನಂತಾರೆ? ತಮ್ಮ ಕೇಳ್ತಾನೆ."

ಹೇಳಿದೆ. ಅವಳು 'ಎಕ್ಸ್‌ಪೋಷರ್' ಎಂದು ಎರಡು ಸಲ ಮೆಲ್ಲಗೆ ಹೇಳಿಕೊಂಡಳು.

ಸಂಜೆ ಕಡವಿನಲ್ಲಿ ಚಿರಾವು ಸಿಕ್ಕ. ಎಲ್ಲರೂ ಮಾತಾಡಿಕೊಂಡಿದ್ದಾರಂತೆ, ಬುಧವಾರದೊಳಗೆ ಇನ್ನೊಮ್ಮೆ ಪಾಠ ಆಗಲೇಬೇಕು. ಕೊಂಬೊನನ್ನೇ ಕರೆಯಿರಿ, ನನ್ನಿಂದ ಬೇಡ ಅಂದೆ.

"ಪರೀಕ್ಷೆ ಮಾಡೋನೇ ಪಾಠ ಹೇಳಿಕೊಟ್ರೆ ಅಧಿಕಾರಿ ಒಪ್ಪಲ್ಲ ಮೇಷ್ಟ್ರಮ್ಮ. ಈ ಸಲ ನಾವು ಕೈಯಲ್ಲಿ ಮಾಡಿ ತೋರಿಸ್ತೀವಿ, ನೀನು ಕಾಗದ ನೋಡಿ ಹೆಸರು ಹೇಳು. ಆ ಡಬ್ಬಿ ಕಾಗದ ಮರೀಬೇಡ."

ಕಾಗದವನ್ನು ಅಧಿಕಾರಿ ಇಟ್ಟುಕೊಂಡಿದ್ದಾನೆ. ಕೊಂಬೊ ಹೊಸ ಡಬ್ಬಿಯಿಂದ ಇನ್ನೊಂದು ತೆಗೆದುಕೊಟ್ಟಿದ್ದಾನೆ, ಎರಡು ಸಲ ಓದಿದೆ. ಮದ್ರಸಾದವರು ಹಲಗೆ ಕೊಡುತ್ತಾರೆ. ಗಿಡ್ಡ ಕಾಲಿನ ಕೆಳಗೆ ಇಡಲು ನನ್ನ ಕರಪತ್ರಗಳ ಚೀಲದಿಂದ ಒಂದು ಹಾಳೆ ತೆಗೆದಿಟ್ಟುಕೊಂಡಿದ್ದೇನೆ. ದಪ್ಪ ಕಾಗದ, ಚೆನ್ನಾಗಿ ಮಡಿಯುತ್ತದೆ.

ಭಾನುವಾರ, ಸಂಜೆ ನಾಲ್ಕೂವರೆಗೆ, ಬೇವಿನ ಮರದ ಕೆಳಗೆ.